ಚಾಕು ಹಿಡಿದ ಹುಡುಗ, ಸುಮ್ಮನೆ ನಿಂತ ಮೇಷ್ಟ್ರು

ಮೊದಲನೇ ಮಹಾಯುದ್ಧ ಮುಗಿಯುತ್ತಿದ್ದ 1918ರಲ್ಲಿ ವಿಯೆನ್ನಾದ ಶಾಲಾ ಮೇಷ್ಟ್ರು ಆಗಸ್ಟ್ ಐಖ್‌ಹಾರ್ನ್ ಅವರ ಹೆಗಲಿಗೆ ಒಂದು ಕಷ್ಟದ ಕೆಲಸ ಬಿತ್ತು. ನಗರದ ಉತ್ತರಕ್ಕಿರುವ ಓಬರ್‌ಹೊಲ್ಲಾಬ್ರುನ್‌ನಲ್ಲಿ ಹಿಂದೆ ನಿರಾಶ್ರಿತರು ಇದ್ದ ಶೆಡ್ಡುಗಳಿದ್ದವು. ಅಲ್ಲಿ, ಮನೆಯವರ ಅಂಕೆಗೂ ಶಾಲೆಯವರ ಅಂಕೆಗೂ ಸಿಗದ ಮಕ್ಕಳನ್ನು ಇಟ್ಟುಕೊಂಡು ಸಾಕಬೇಕಿತ್ತು. ಯಾರು ಯಾರೊಂದಿಗೆ ಹೊಂದಿಕೊಳ್ಳುತ್ತಾರೆ ಎಂದು ನೋಡಿ ಅವರು ಗುಂಪು ಮಾಡುತ್ತಾ ಹೋದರು. ಕೊನೆಗೆ ಯಾವ ಗುಂಪಿಗೂ ಬೇಡವಾದ 12 ಹುಡುಗರು ಉಳಿದುಕೊಂಡರು.

ಸೂಪಿನ ತಟ್ಟೆಯನ್ನು ಇನ್ನೊಬ್ಬನ ತಲೆಗೆ ಬೀಸುವವರು, ಊಟದ ಚಾಕು ಹಿಡಿದು ಮೇಲೆ ಬೀಳುವವರು. ಅವರ ಮನೆಗಳ ಕಥೆ ಕೆದಕಿದಾಗ ಎಲ್ಲ ಕಡೆ ಸಿಕ್ಕಿದ್ದು ಒಂದೇ: ಅಪ್ಪ ಅಮ್ಮನ ನಡುವೆ ದ್ವೇಷ, ಮಕ್ಕಳ ಮೈಮೇಲೆ ಬಾಸುಂಡೆ. ಏಟು ತಿಂದೇ ಹೀಗಾದವರಿಗೆ ಇನ್ನೂ ಏಟು ಕೊಟ್ಟರೆ, ಲೋಕದ ಬಗ್ಗೆ ಅವರು ತಿಳಿದುಕೊಂಡದ್ದೇ ಸರಿ ಎಂದು ನಾವೇ ರುಜು ಹಾಕಿಕೊಟ್ಟಂತೆ ಎಂದು ಐಖ್‌ಹಾರ್ನ್ ಯೋಚಿಸಿದರು. ಆ ಗುಂಪಿನ ಹೊಣೆ ಹೊತ್ತ ಇಬ್ಬರು ಹೆಣ್ಣುಮಕ್ಕಳಿಗೆ ಅವರು ಹೇಳಿದ್ದು ಇಷ್ಟೇ: ಅಕ್ಕರೆಯಿಂದಿರಿ, ಹುಡುಗರನ್ನು ಅವರ ಪಾಡಿಗೆ ಬಿಡಿ, ಯಾರಿಗಾದರೂ ಪೆಟ್ಟಾಗುವಂತಿದ್ದರೆ ಮಾತ್ರ ನಡುವೆ ಹೋಗಿ.

ಪರಿಸ್ಥಿತಿ ಹದಗೆಟ್ಟಿತು. ಕಿಟಕಿಯ ಗಾಜುಗಳು ಪುಡಿಯಾದವು, ಬಾಗಿಲುಗಳು ಒದೆ ತಿಂದು ಮುರಿದವು. ಒಬ್ಬ ಗಾಜಿನ ಪರಿವೆಯೇ ಇಲ್ಲದೆ ಜೋಡಿ ಕಿಟಕಿಯ ಮೂಲಕ ಹಾರಿ ಹೊರಬಿದ್ದ. ಊಟದ ಮೇಜು ಅನಾಥವಾಯಿತು. ಒಬ್ಬೊಬ್ಬನೂ ತನ್ನ ತಟ್ಟೆ ಎತ್ತಿಕೊಂಡು ಒಂದೊಂದು ಮೂಲೆಯಲ್ಲಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತಿನ್ನತೊಡಗಿದ. ನನ್ನನ್ನು ಹಿಡಿದು ನಿಲ್ಲಿಸುವುದು ಈ ಮೂಲೆಗಳೇ. ಹೊಡೆದಾಟ ಎಲ್ಲ ಹಾಸ್ಟೆಲ್ಲುಗಳಲ್ಲೂ ಉಂಟು. ಆದರೆ ಪಕ್ಕದಲ್ಲಿ ಕೂತವನು ತನ್ನ ತುತ್ತು ಕಸಿಯುತ್ತಾನೆಂಬ ಭಯದಲ್ಲಿ ಬೆನ್ನು ತಿರುಗಿಸಿ ಉಣ್ಣುವ ಹುಡುಗರು ಒಂದು ಮನೆಯಲ್ಲಿದ್ದಾರೆ ಎಂದರೆ, ಅಲ್ಲಿನ ಗಾಳಿಯೇ ಕೆಟ್ಟಿದೆ ಎಂದು ಅರ್ಥ.

ತಿಂಗಳುಗಟ್ಟಲೆ ನೋಡಿಕೊಂಡವರು ಸುಸ್ತಾದರು, ಕಟ್ಟಡ ಹಾಳಾಯಿತು. ಆಮೇಲೆ ಆ ಹುಡುಗರ ಸಿಟ್ಟು ಅಳುವಾಗಿ ಒಡೆಯಿತು. ತೀರ ಸಣ್ಣ ಮಾತಿಗೂ ಅಳು ಬರುತ್ತಿತ್ತು. ಕ್ರಿಸ್‌ಮಸ್ ಹೊತ್ತಿಗೆ ಅವರನ್ನು ಹೊಸ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿಂದಾಚೆಗೆ ಅವರು ಒಬ್ಬರಿಗೊಬ್ಬರು ಆಗುವ ಒಂದು ಗುಂಪಾಗುತ್ತಾ ಬಂದರು.

ಅಮೆರಿಕದ ಅಯೋವಾದಲ್ಲಿ ಮನೋವಿಜ್ಞಾನಿಗಳಾದ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ 1939ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಜೊತೆಗಿಟ್ಟು ನೋಡುವಂಥದ್ದು. ಅದು ವಸತಿಗೃಹವಲ್ಲ, ಹತ್ತು ವರ್ಷದ ಹುಡುಗರ ಕ್ಲಬ್ಬು. ಹೆಜ್ಜೆ ಹೆಜ್ಜೆಗೂ ಅಪ್ಪಣೆ ಕೊಡುವ ನಾಯಕನಿದ್ದ ಕಡೆ ಕೆಲವು ಗುಂಪುಗಳು ಒಬ್ಬ ಹುಡುಗನನ್ನೇ ಗುರಿ ಮಾಡಿಕೊಂಡು ಕಾಡಿದವು. ಮಿಕ್ಕ ಗುಂಪುಗಳಲ್ಲಿ ಮಕ್ಕಳು ಮಂಕಾಗಿ, ಹೇಳಿದ್ದು ಮಾಡಿಕೊಂಡಿದ್ದರು. ಆ ನಾಯಕ ಹೊರಗೆ ಹೋದಾಗಲೋ, ಸ್ವಾತಂತ್ರ್ಯ ಕೊಡುವ ನಾಯಕನ ಕೈಗೆ ಅವರು ಬಂದಾಗಲೋ, ಅದುಮಿಟ್ಟದ್ದೆಲ್ಲ ಒಮ್ಮೆಲೇ ಹೊರಬಿತ್ತು.

ಹೊಸದಾಗಿ ಬಂದ ಒಳ್ಳೆಯ ವಾರ್ಡನ್ ಸೋಲುವುದು ಇಲ್ಲಿಯೇ. ಬೆತ್ತ ಬದಿಗಿಟ್ಟ ಮೊದಲ ದಿನಗಳು ಬೆತ್ತದ ದಿನಗಳಿಗಿಂತ ಗದ್ದಲದವು. ಮೇಲಿನವರು ತಪಾಸಣೆಗೆ ಬರುವುದೂ ಆಗಲೇ. ಹಿಂದಿನವರೇ ವಾಸಿ, ಹುಡುಗರು ತೆಪ್ಪಗಿದ್ದರು ಎನ್ನುತ್ತಾರೆ. ಆ ತೆಪ್ಪಗಿನ ಬೆಲೆಯನ್ನು ರಾತ್ರಿ ಹೊತ್ತು ಯಾವ ಚಿಕ್ಕ ಹುಡುಗ ತೆರುತ್ತಿದ್ದ ಎಂದು ಕೇಳುವವರಿಲ್ಲ. ನಮ್ಮ ಬಾಲಮಂದಿರಗಳಿಗೂ ಅನ್ವಯಿಸುವ 2015ರ ಬಾಲನ್ಯಾಯ ಕಾಯ್ದೆಯ 82ನೇ ಕಲಮು, ಶಿಸ್ತಿನ ಹೆಸರಿನಲ್ಲಿ ಮಕ್ಕಳಿಗೆ ಹೊಡೆಯುವ ಸಿಬ್ಬಂದಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿ ದಂಡ ಹಾಕುತ್ತದೆ. ಬೇಕಾದ ಕಾನೂನೇ. ಆದರೆ ಹೊಡೆಯದೆಯೂ ಕೋಣೆಯ ಗಾಳಿ ಕೆಡಿಸಬಹುದು: ಹೆಸರಿನ ಬದಲು ನಂಬರು ಹಿಡಿದು ಕೂಗಿ, ತಪ್ಪೊಬ್ಬನದಾದರೂ ಟೀವಿ ಎಲ್ಲರಿಗೂ ಬಂದ್ ಮಾಡಿ, ದೊಡ್ಡ ಹುಡುಗನ ಕೈಗೆ ಉಸ್ತುವಾರಿ ಕೊಟ್ಟು ಕಣ್ಣುಮುಚ್ಚಿಕೊಂಡು.

ಇಷ್ಟೆಲ್ಲ ಒಪ್ಪಿದ ಮೇಲೂ ಐಖ್‌ಹಾರ್ನ್ ಅವರ ಒಂದು ನಡೆಯನ್ನು ನಾನು ಒಪ್ಪಲಾರೆ. ಒಬ್ಬ ಹುಡುಗ ಬ್ರೆಡ್ ಕೊಯ್ಯುವ ಚಾಕು ಹಿಡಿದು ಇನ್ನೊಬ್ಬನ ಮೇಲೆ ಏರಿಹೋಗಿ ಗಂಟಲಿಗೆ ಒತ್ತಿದ. ಇದು ತನ್ನನ್ನು ಕೆಣಕುವ ಸೋಗು ಎಂದು ಅಂದಾಜು ಮಾಡಿದ ಐಖ್‌ಹಾರ್ನ್ ಅಲುಗದೆ ನಿಂತರು. ಅಂದಾಜು ಸುಳ್ಳಾಗಲಿಲ್ಲ. ಹುಡುಗ ಚಾಕು ಬಿಸಾಡಿ, ಕಾಲು ಅಪ್ಪಳಿಸಿ, ಊಳಿಟ್ಟು, ಅತ್ತು ಅತ್ತು ದಣಿದು ನಿದ್ದೆಹೋದ. 1925ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಅವರ ಮುನ್ನುಡಿಯೊಂದಿಗೆ ಬಂದ ಪುಸ್ತಕದಲ್ಲಿ ಐಖ್‌ಹಾರ್ನ್ ಅವರೇ ಇದನ್ನು ಬರೆದಿದ್ದಾರೆ. ಆದರೆ ಗಂಟಲು ಯಾರದು? ಚಾಕು ಹಿಡಿದವನಿಗೆ ಅದು ಸೋಗಾಗಿರಬಹುದು, ಅದರ ಅಲಗು ತಾಗಿದವನಿಗೆ ಅಲ್ಲ. ಅವನೂ ಅದೇ 12 ಮಂದಿಯಲ್ಲಿ ಒಬ್ಬ, ಅವನೂ ಮನೆಯಲ್ಲಿ ಏಟು ತಿಂದು ಬಂದವನೇ. ದೊಡ್ಡವರು ನೋಡುತ್ತಾ ನಿಂತಿರುತ್ತಾರೆ, ಅಡ್ಡ ಬರುವುದಿಲ್ಲ ಎಂಬ ಮನೆಯ ಪಾಠವೇ ಅವನಿಗೆ ಇಲ್ಲೂ ಸಿಕ್ಕಿತು. ತನ್ನ ತಾಳ್ಮೆ, ತನ್ನ ಕಟ್ಟಡ, ತನ್ನ ಹೆಸರು, ಇವನ್ನೆಲ್ಲ ಮೇಷ್ಟ್ರು ಪಣಕ್ಕಿಡಬಹುದು. ಹಾಗೆ ಇಟ್ಟದ್ದಕ್ಕೆ ನನಗೆ ಅವರ ಮೇಲೆ ತುಂಬ ಗೌರವವಿದೆ. ಎರಡನೆಯ ಹುಡುಗನ ಭಯವನ್ನು ಪಣಕ್ಕಿಡುವ ಅಧಿಕಾರ ಅವರಿಗಿರಲಿಲ್ಲ. ಚಾಕು ಹಿಡಿದ ಕೈಯನ್ನು ಬೈಯದೆ, ಬಾರಿಸದೆ, ಗಟ್ಟಿಯಾಗಿ ಹಿಡಿಯಬಹುದಿತ್ತು. ಅಷ್ಟು ಮಾಡಿದ್ದರೆ ಹುಡುಗ ಅಂದೇ ಅಳುತ್ತಿರಲಿಲ್ಲವೇನೋ. ಅಳು ಇನ್ನೊಂದು ತಿಂಗಳು ತಡವಾಗಿ ಬಂದಿದ್ದರೂ ಆಗುತ್ತಿತ್ತು.