ನಂಬುಗೆಯ ಎಲ್ಲೆ

1898ರಲ್ಲಿ ರೈಲಿನ ಹಾದಿ ಹಿಡಿದು ಬೆಂಗಳೂರಿಗೆ ಬಂದ ಪ್ಲೇಗು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಮನೆಮನೆಯನ್ನೂ ಬರಿದುಮಾಡುತ್ತಿದ್ದಾಗ ಜನ ಎರಡು ಶಕ್ತಿಗಳನ್ನು ಮೊರೆಹೊಕ್ಕರು: ಒಂದು, ಪ್ಲೇಗಿನಮ್ಮನೆಂಬ ಹೊಸ ಹೆಸರಿನಿಂದ ಪ್ರತಿಷ್ಠಿತಳಾದ ಮಾರಿ, ಇನ್ನೊಂದು, ನಮ್ಮ ಶೇಷಾದ್ರಿಪುರಕ್ಕೆ ಯಾರ ಹೆಸರಿದೆಯೋ ಆ ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಸರ್ಕಾರ. ಬಸವನಗುಡಿ ಮಲ್ಲೇಶ್ವರಗಳ ಅಗಲವಾದ ಬೀದಿಗಳೂ ಗಾಳಿಬೆಳಕುಗಳಿಗೆ ತೆರೆದ ನಿವೇಶನಗಳೂ ಜನರಿಂದ ತುಂಬಿಕೊಂಡದ್ದು ಆ ಪಿಡುಗಿನ ಬಳಿಕವೇ. ರೋಗದಿಂದ ಊರನ್ನು ಕಾಪಾಡಿದ್ದು ಅಮ್ಮನೋ ಬಡಾವಣೆಯೋ ಎಂದು ಕೇಳಿದರೆ, ಇಲಿ-ಚಿಗಟಗಳ ವೃತ್ತಾಂತವನ್ನು ಬಲ್ಲ ನಾವು ಎರಡನೆಯದನ್ನೇ ಹೇಳಬೇಕು. ಆದರೆ ಮಗುವನ್ನು ಮಣ್ಣುಮಾಡಿ ಬಂದ ತಾಯಿಯೊಬ್ಬಳು ಆ ಗುಡಿಯ ಮುಂದೆ ದೀಪ ಹಚ್ಚಿದ್ದರಿಂದ ಯಾರಿಗೆ ಯಾವ ಕೇಡಾಯಿತು? ಅಮ್ಮ ಮುನಿದಾಳೆಂದು ಹೆದರಿಸಿ, ಆಕೆಯ ಉಳಿದ ಮಕ್ಕಳನ್ನು ಸೋಂಕಿನ ಮನೆಯಿಂದ ಆಚೆಗೆ ಕರೆತರದಂತೆ ಯಾರಾದರೂ ತಡೆದಿದ್ದರೆ ಅದು ಕೇಡು.

ದೇವರನ್ನು ನಂಬಬೇಕೆ ಬೇಡವೆ ಎಂಬ ಚರ್ಚೆಯಲ್ಲಿ ಈ ಭೇದವನ್ನು ನಾವು ಪದೇಪದೇ ಮರೆಯುತ್ತೇವೆ. ನಂಬುವವನು ಸಜ್ಜನನೆಂದೂ ನಂಬದವನು ನೀತಿಗೆಟ್ಟವನೆಂದೂ ಭಾವಿಸುವವರು, ಒಮ್ಮೆ ಬಸವನಗುಡಿಯ ಇಬ್ಬರು ಮಹನೀಯರ ಬಾಳನ್ನು ಜೊತೆಯಿಟ್ಟು ನೋಡಬೇಕು. ಡಿ.ವಿ. ಗುಂಡಪ್ಪನವರು ವೇದಾಂತದಲ್ಲಿ ನೆಲೆನಿಂತ ಆಸ್ತಿಕರು. ಆದರೂ 1943ರಲ್ಲಿ ಪ್ರಕಟವಾದ ಅವರ ಕಗ್ಗವು ದೇವನಮನದಿಂದ ತೊಡಗಿ, ಕೆಲವೇ ಪದ್ಯಗಳು ಕಳೆಯುವಷ್ಟರಲ್ಲಿ, ಬದುಕಿಗೆ ಅರ್ಥವುಂಟೇ ಎಂಬ ಸಂಶಯಗಳನ್ನು ಸಾಲುಸಾಲಾಗಿ ಎತ್ತುತ್ತದೆ. ನಾಡು ತಮಗೆ ಸಮರ್ಪಿಸಿದ ನಿಧಿಯನ್ನು ಅವರು ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಅದೇ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ಖಾದಿಯುಟ್ಟು, ಅವಿವಾಹಿತರಾಗಿ, ಕೊನೆಯವರೆಗೂ ಬಾಳಿದವರು ವಿಚಾರವಾದಿ ಎಚ್. ನರಸಿಂಹಯ್ಯನವರು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ ಸತ್ಯಸಾಯಿಬಾಬಾ ಅವರಿಗೇ ಪತ್ರ ಬರೆದರು. ಉತ್ತರ ಬರಲಿಲ್ಲ. ಸಂನ್ಯಾಸಿಗಳಲ್ಲಿಯೂ ವಿರಳವಾದ ಅಪರಿಗ್ರಹವು, ಮಂತ್ರಮಹಿಮೆಗಳಿಗೆ ತಲೆಬಾಗದ ಈ ಮನುಷ್ಯನಲ್ಲಿ ಸಹಜವಾಗಿ ನೆಲೆಸಿತ್ತು. ಹೀಗಿರಲಾಗಿ, ಶೀಲಕ್ಕೆ ದೇವರ ನಂಬುಗೆಯೊಂದೇ ಆಧಾರವೆಂದು ನಾನು ಹೇಗೆ ಒಪ್ಪಲಿ? ನಂಬುಗೆಯಿಂದ ಬುದ್ಧಿ ಮಂಕಾಗುತ್ತದೆಂಬ ಮಾತನ್ನು ಗುಂಡಪ್ಪನವರನ್ನು ಓದಿದ ಮೇಲೆ ಹೇಗೆ ಆಡಲಿ?

ಈ ಇಬ್ಬರಿಗೂ ಸಮಾನವಾದದ್ದು ಪ್ರಶ್ನೆಗೆ ಅಂಜದ ಮನಸ್ಸು. ಮತವು ಅಪಾಯಕಾರಿಯಾಗುವುದು ಅದು ಪ್ರಶ್ನೆಯನ್ನೇ ಪಾಪವೆಂದು ಸಾರಿ, ದುರ್ಬಲರ ಮೈಮೇಲೆ ಅಧಿಕಾರ ನಡೆಸಹೊರಟಾಗ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಹೆಸರಿನಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು 1986ರಲ್ಲಿ ತಡೆಯಹೋದ ಸಮಾಜಸೇವಕರನ್ನೂ ಪೊಲೀಸರನ್ನೂ ಗುಂಪು ಥಳಿಸಿತು. ಅವರ ಬಟ್ಟೆಗಳನ್ನು ಕಿತ್ತು ಮೆರವಣಿಗೆ ಮಾಡಿತು. ಬಡ ಕುಟುಂಬಗಳ ಹೆಂಗಸರು, ತಲೆತಲಾಂತರದ ಹರಕೆಯ ಭಯದಿಂದ, ಸಾವಿರಾರು ಕಣ್ಣುಗಳ ಮುಂದೆ ಹಾಗೆ ನಡೆಯಬೇಕಾಗಿದ್ದುದು ಆ ಗುಂಪಿಗೆ ಭಕ್ತಿಯಾಗಿ ಕಂಡಿತ್ತು. ಇದನ್ನು ಜನಗಳ ನಂಬಿಕೆ, ಮುಟ್ಟಬಾರದು ಎಂದು ಸುಮ್ಮನಿರುವ ಔದಾರ್ಯವು ಔದಾರ್ಯವಲ್ಲ. ಆ ದೇವಿಯೇ ಒಬ್ಬ ಹೆಣ್ಣಾಗಿರುವಾಗ, ಹೆಣ್ಣಿನ ಮಾನವನ್ನು ಕಾಣಿಕೆಯಾಗಿ ಬೇಡುತ್ತಾಳೆಂದು ಹೇಳುವುದಕ್ಕಿಂತ ದೊಡ್ಡ ನಿಂದೆ ಯಾವ ನಾಸ್ತಿಕನಿಂದಲೂ ಬಂದಿಲ್ಲ.

ನಮ್ಮ ರಾಜ್ಯವು 2017ರಲ್ಲಿ ಅಮಾನವೀಯ ಅನಿಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ನಿಷೇಧಿಸಿ ಮಾಡಿದ ಕಾಯಿದೆಯು ಈ ಎಲ್ಲೆಯನ್ನೇ ಗುರುತಿಸಲು ಯತ್ನಿಸಿದೆ. ಉಂಡ ಎಲೆಗಳ ಮೇಲೆ ಉರುಳಿಸುವುದನ್ನು ಅದು ಅಪರಾಧವೆನ್ನುತ್ತದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಮನೆಯ ಪೂಜೆ ಇವುಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಜ್ಯೋತಿಷ್ಯಕ್ಕೂ ವಾಸ್ತುವಿಗೂ ಅಷ್ಟೇ ಧಾರಾಳವಾದ ವಿನಾಯಿತಿ ದೊರೆತದ್ದು ನನಗೆ ಸರಿಕಾಣುವುದಿಲ್ಲ. ಭಯವನ್ನು ಬಿತ್ತಿ ಹಣ ಕೀಳುವ ಕೆಲಸ ಅಲ್ಲಿಯೂ ನಡೆಯುತ್ತದೆ. ಆದರೆ ಶಾಸನವು ಶಿಕ್ಷಿಸುವ ಕೃತ್ಯಗಳನ್ನೆಲ್ಲ ತೆಗೆದುಹಾಕಿದ ಮೇಲೆಯೂ ಭಕ್ತನಿಗೆ ಬೇಕಾದದ್ದರಲ್ಲಿ ಒಂದೂ ಕಡಿಮೆಯಾಗುವುದಿಲ್ಲವೆಂಬುದನ್ನು ಆಸ್ತಿಕ ಮಿತ್ರರು ನಿಧಾನವಾಗಿ ಯೋಚಿಸಿ ನೋಡಬೇಕೆಂದು ನನ್ನ ಪ್ರಾರ್ಥನೆ.