ಕತ್ತಿಯ ಹಿಡಿಯೂ ಹಿಂಸಾದಾನದ ವಿಚಾರವೂ

ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಸಾರ್ಥಕವಾದ ಯಾವ ಪ್ರಯೋಜನವೂ ಇಲ್ಲದೆ ಪಾಪಕ್ಕೆ ಆಸ್ಪದವೀಯುವ ಕ್ರಿಯೆಗಳಿಂದ ದೂರವಿರುವುದೇ ಅದರ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ವಿಂಗಡಿಸಿ, ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದ ವಧಕಾರಣ ವಸ್ತುಗಳನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಚೂರಿಯನ್ನೂ ನೇಗಿಲನ್ನೂ ಸ್ಪಷ್ಟವಾಗಿ ಹೆಸರಿಸುತ್ತಾರೆ.

ಈ ಪಟ್ಟಿಯನ್ನು ಓದಿದ ತುಳುನಾಡಿನ ಜೈನ ಗೃಹಸ್ಥನು ತನ್ನ ಮನೆಯ ಜಗಲಿಯನ್ನೊಮ್ಮೆ ನೋಡಿದರೆ ಸಾಕು, ಪ್ರಶ್ನೆ ತಾನಾಗಿಯೇ ಏಳುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತೋಟದ ಮನೆಗಳಲ್ಲಿ ಕತ್ತಿ, ಗುದ್ದಲಿ, ಕೊಡಲಿಗಳಿಲ್ಲದ ಮನೆಯಿಲ್ಲ. ಅಲಗು ಕಮ್ಮಾರನದು, ಹಿಡಿಯನ್ನು ಕೂರಿಸುವ ಕೆಲಸ ಎಷ್ಟೋ ಕಡೆ ಮನೆಯವರದೇ. ಅಂಥ ಮನೆಯಲ್ಲಿ ಬೆಳೆದವನೊಬ್ಬನು ಬಿಡುವಿನ ವೇಳೆಯಲ್ಲಿ, ಹಣದಾಸೆಯಿಲ್ಲದೆ, ಮರವನ್ನು ಕೆತ್ತಿ, ಉಜ್ಜಿ, ಎಣ್ಣೆ ತಿಕ್ಕಿ, ಬಂಧುಮಿತ್ರರು ಕೇಳಿದಂತೆ ಅವರವರ ಕೈಯಳತೆಗೆ ಕತ್ತಿಯ ಹಿಡಿಗಳನ್ನು ಮಾಡಿಕೊಡುತ್ತಾನೆಂದು ಭಾವಿಸೋಣ. ಇದು ನಿರ್ದೋಷವಾದ ಹವ್ಯಾಸವೋ, ಹಿಂಸಾದಾನವೋ?

ಜೀವನೋಪಾಯದ ಮಾತನ್ನು ಇಲ್ಲಿ ಮುಂದೊಡ್ಡುವಂತಿಲ್ಲ ಎಂಬುದೇ ಈ ಪ್ರಶ್ನೆಯ ತೊಡಕು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಗೃಹಸ್ಥನು ಸಂಕಲ್ಪೀಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಉಳಿದವುಗಳಲ್ಲಿ ಯಥಾಶಕ್ತಿ ಎಚ್ಚರ ವಹಿಸಬೇಕು. ಭಗವಾನ್ ವೃಷಭದೇವನು ಉಪದೇಶಿಸಿದ ಷಟ್ಕರ್ಮಗಳಲ್ಲಿ ಅಸಿಯೇ ಮೊದಲನೆಯದು; ಕೃಷಿಯೂ ಶಿಲ್ಪವೂ ಅವುಗಳಲ್ಲಿ ಸೇರಿವೆ. ಆದ್ದರಿಂದ ಕಮ್ಮಾರನಿಗೂ ಬಡಗಿಗೂ ಕೃಷಿಕನಿಗೂ ಒಂದು ಆಸರೆಯುಂಟು. ಹವ್ಯಾಸಿಗೆ ಆ ಆಸರೆಯಿಲ್ಲ. ಅವನು ಮಾಡದಿದ್ದರೆ ಅವನ ಮನೆಯ ಒಲೆಯೇನೂ ಆರುವುದಿಲ್ಲ. ಹೊಟ್ಟೆಪಾಡಿಗಾಗಿ ನೂರು ಹಿಡಿ ಮಾಡುವವನಿಗಿಂತ ಸಂತೋಷಕ್ಕಾಗಿ ಒಂದು ಮಾಡುವವನೇ ಹೆಚ್ಚು ಉತ್ತರ ಹೇಳಬೇಕಾಗುತ್ತದೆ; ಇದು ವಿಚಿತ್ರವೆನಿಸಿದರೂ ವ್ರತದ ಹೆಸರಿನಲ್ಲಿಯೇ ಅಡಗಿದೆ.

ಹಾಗೆಂದು ಕತ್ತಿಯನ್ನು ಮುಟ್ಟಿದ್ದೇ ದೋಷವೆನ್ನುವುದು ಅವಿಚಾರ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಪ್ರಮಾದದೊಡನೆ ಬೆಸೆದಿದ್ದಾರೆ. ಸಡಿಲವಾದ ಹಿಡಿಯೆಂದರೆ ಮೂರ್ತಿಮತ್ತಾದ ಪ್ರಮಾದವೇ. ಕರಾವಳಿಯ ಮಳೆಗಾಲದಲ್ಲಿ ಉಬ್ಬಿದ ಮರ ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಅಲಗಿನ ಬಾಲ ಒಳಗೆ ಅಲುಗತೊಡಗುತ್ತದೆ. ಸೊಪ್ಪು ಕಡಿಯುವವನ ಕೈಯಿಂದ ಕತ್ತಿ ಹಾರಿದರೆ ಪಕ್ಕದಲ್ಲಿದ್ದವನ ಗತಿಯೇನು? ಚೆನ್ನಾಗಿ ಆರಿದ ಮರವನ್ನು ಆಯ್ದು, ಕತ್ತಿನಲ್ಲಿ ಹಿತ್ತಾಳೆಯ ಬಳೆ ತೊಡಿಸಿ, ಅಂಗೈಯಲ್ಲಿ ಬೊಬ್ಬೆಯೇಳದಂತೆ ನುಣುಪುಗೊಳಿಸಿದ ಹಿಡಿ ಕೂಲಿಯಾಳಿನ ಪಾಲಿಗೆ ದಯೆಯೇ ಸರಿ. ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ಕತ್ತಿಯನ್ನು ನೋಡಬೇಕು. ಅದು ತೊಗಟೆಯ ತೆಳುವಾದ ಎಳೆಯನ್ನಷ್ಟೇ ಸೀಳಿ ಒಳಗಿನ ಜೀವಂತ ಪೊರೆಯನ್ನು ತಾಕದೆ ನಿಲ್ಲಬೇಕು. ತಾಕಿದರೆ ಮರಕ್ಕೆ ಗಾಯವಾಗಿ ಹೊಸ ತೊಗಟೆ ಗಂಟುಗಂಟಾಗುತ್ತದೆ. ಹಾಗೆ ನಿಲ್ಲಿಸುವ ಹತೋಟಿ ಕೈಗೆ ದೊರೆಯುವುದು ಹಿಡಿಯಿಂದ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಳಾದಿ ಗ್ರಂಥಗಳ ಓಲೆಗಳನ್ನು ಅಳತೆಗೆ ಕತ್ತರಿಸಿ ಹದಗೊಳಿಸಿದ್ದೂ ಯಾವುದೋ ಕತ್ತಿಯೇ ಅಲ್ಲವೇ?

ಇದಕ್ಕೆ ಎದುರಾಗಿ ಇದೇ ನಾಡಿನ ಇನ್ನೊಂದು ಕತ್ತಿಯನ್ನಿಟ್ಟು ನೋಡಬಹುದು. ಕೋಳಿಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಪುಟ್ಟ ಅಲಗಿಗೆ ವಧೆಯ ಹೊರತು ಬೇರೆ ಬಳಕೆಯೇ ಇಲ್ಲ. ಅದನ್ನು ಸಾಣೆ ಹಿಡಿದುಕೊಟ್ಟವನು 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ ಮಾತು ಹಾಗಿರಲಿ, ಶಾಸ್ತ್ರದ ಮುಂದೆಯೂ ತಪ್ಪಿಸಿಕೊಳ್ಳಲಾರನು. ಆಚಾರ್ಯರು ‘ವಧಕಾರಣ’ವೆಂಬ ವಿಶೇಷಣವನ್ನು ಸುಮ್ಮನೆ ಹಾಕಿದ್ದಲ್ಲ. ಈ ಎರಡರ ನಡುವಿನ ಸಾವಿರ ಕತ್ತಿಗಳ ವಿಷಯದಲ್ಲಿ ಆಶಾಧರ ಪಂಡಿತರು 13ನೆಯ ಶತಮಾನದ ಸಾಗಾರಧರ್ಮಾಮೃತದಲ್ಲಿ ನೀಡುವ ಸೂಚನೆ ಬಹು ವ್ಯಾವಹಾರಿಕವಾದುದು: ಅಡುಗೆಗೆ ಬೇಕೆಂದರೂ ಬೆಂಕಿ ಮೊದಲಾದವನ್ನು ಪರಸ್ಪರ ಕೊಡುಕೊಳ್ಳುವಿಕೆಯ ಬಳಕೆಯಿಲ್ಲದವರಿಗೆ ಕೊಡಬಾರದು. ಅಂದರೆ ನೆರೆಹೊರೆಯ ಪರಿಚಿತನಿಗೆ ಕೊಡಬಹುದು. ಆತನ ಕೈಯನ್ನು ಬಲ್ಲೆವಾದ್ದರಿಂದ ಆತನ ಕತ್ತಿಯನ್ನೂ ಬಲ್ಲೆವು. ಮುಖ ಕಾಣದ ಗಿರಾಕಿಗೆ ಅಂಚೆಯಲ್ಲಿ ಚೂರಿ ಕಳುಹಿಸುವ ಹವ್ಯಾಸಿ ಈ ಮಾತನ್ನು ಎರಡು ಸಲ ಓದಬೇಕು.

ಇನ್ನು ಹಿಡಿಯ ದ್ರವ್ಯ. ಕೊಡವರ ಪೀಚೆಕತ್ತಿ ಬೆಳ್ಳಿಯ ಕುಸುರಿಗೆ ಹೆಸರಾದುದು. ಹಳೆಯವುಗಳಲ್ಲಿ ಆನೆಯ ದಂತದ ಹಿಡಿಯೂ ಉಂಟು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ನಿಷೇಧಿಸಿದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯವಿದೆ, ಲಾಕ್ಷಾವಾಣಿಜ್ಯವೂ ಇದೆ. ದಂತವನ್ನು ಇಂದು ಯಾವ ಶ್ರಾವಕನೂ ಮುಟ್ಟಲಾರ. ಜಿಂಕೆಯ ಕೊಂಬನ್ನು ‘ತಾನಾಗಿ ಉದುರಿದ್ದು’ ಎಂದು ಸಮರ್ಥಿಸುವವರಿದ್ದಾರೆ. ಆದರೆ ಬೇಡಿಕೆ ಹುಟ್ಟಿದ ಮೇಲೆ ಉದುರಿದ ಕೊಂಬಿಗೂ ಉದುರಿಸಿದ ಕೊಂಬಿಗೂ ಭೇದವನ್ನು ಕಾಣುವವರಾರು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕೊಂಬನ್ನು ಬೇಟೆಯ ಕುರುಹುಗಳ ಸಾಲಿನಲ್ಲಿಯೇ ಇಟ್ಟಿದೆ. ಅರಗಿನ ಕಡೆ ಮಾತ್ರ ಹೆಚ್ಚಿನವರ ಗಮನವೇ ಹೋಗುವುದಿಲ್ಲ. ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿ ಕಾಯಿಸಿದ ಬಾಲವನ್ನು ಒತ್ತುವುದು ಹಳೆಯ ಕ್ರಮ. ಆ ಅರಗು ಅಸಂಖ್ಯ ಕೀಟಗಳ ಸ್ರಾವ, ಅದನ್ನು ಕೆರೆದು ತೆಗೆಯುವಾಗ ಅವು ಸಾಯುತ್ತವೆ. ಆಶಾಧರರಾದರೋ ಈ ಹದಿನೈದರ ಎಣಿಕೆಯನ್ನೇ ಒಪ್ಪುವುದಿಲ್ಲ. ಸಾವದ್ಯಕರ್ಮಗಳು ಲೆಕ್ಕಕ್ಕೆ ಸಿಗದಷ್ಟಿರುವಾಗ ಪಟ್ಟಿಯೇಕೆ, ತೀರ ಮಂದಮತಿಗಳಿಗೆ ಬೇಕಾದರೆ ಹೇಳಬಹುದು ಎಂಬುದು ಅವರ ನಿಲುವು. ಸ್ವಲ್ಪ ಕಟುವಾದರೂ ಸತ್ಯವಾದ ಮಾತು. ಗಾಳಿಗೆ ಬಿದ್ದ ಹಲಸಿನ ಕೊಂಬೆಯೂ ರಾಸಾಯನಿಕ ಅಂಟೂ ಸುಲಭವಾಗಿ ದೊರೆಯುವ ಇಂದು ಅರಗನ್ನು ಬಿಡುವುದು ಕಷ್ಟವೇನಲ್ಲ.

ರಾಳವನ್ನು ಎರಕ ಹೊಯ್ದು ಕೊಂಬಿನಂತೆಯೇ, ದಂತದಂತೆಯೇ ಕಾಣುವ ಹಿಡಿಗಳನ್ನು ಈಗ ಮಾಡುತ್ತಾರೆ. ಒಂದು ಜೀವವೂ ನೋಯಲಿಲ್ಲ. ಹಾಗಾದರೆ ದೋಷವೆಲ್ಲಿ ಎಂದು ಕೇಳಬಹುದು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲವರು ಅಷ್ಟು ಬೇಗ ಸಮಾಧಾನಪಡಲಾರರು. ಯಶೋಧರನು ಕಡಿದದ್ದು ಹಿಟ್ಟಿನ ಹುಂಜವನ್ನು. ಆದರೂ ಅವನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ಪಶುಪಕ್ಷಿಗಳಾಗಿ ನರಳಿದರು. ಅಲ್ಲಿ ಹಿಟ್ಟು ನಿಮಿತ್ತ, ಬಲಿಯ ಸಂಕಲ್ಪವೇ ಪಾಪ. ರಾಳದ ಕೊಂಬನ್ನು ಅದರ ಗೆರೆಗಳ ಚೆಲುವಿಗಾಗಿ ಮೆಚ್ಚುವವನಲ್ಲಿ ವಧಸಂಕಲ್ಪವಿಲ್ಲವೆಂಬುದು ನಿಜ. ಅವನನ್ನು ಯಶೋಧರನ ಸಾಲಿಗೆ ಸೇರಿಸುವುದು ಅನ್ಯಾಯವಾದೀತು. ಆದರೆ ಬೇಟೆಗಾರನ ಚೂರಿಯಂತೆ ಕಾಣಲೆಂದೇ ಅದನ್ನು ಆರಿಸಿ, ಕೈಯಲ್ಲಿ ಹಿಡಿದು ತಿರುವುತ್ತ ಆ ಬೇಟೆಯನ್ನು ಮನಸ್ಸಿನಲ್ಲಿ ಆಡುವವನಿದ್ದರೆ, ಅದು ಅಪಧ್ಯಾನ. ಒಂದೇ ಹಿಡಿ, ಎರಡು ಮನಸ್ಸು. ಯಾವುದು ಯಾರದೆಂಬುದು ಕೆತ್ತಿದವನಿಗೆ ತಿಳಿಯದು. ಕೊಂಡವನು ಏಕಾಂತದಲ್ಲಿ, ಸಾಮಾಯಿಕಕ್ಕೆ ಕುಳಿತಾಗ, ತಾನೇ ನೋಡಿಕೊಳ್ಳಬೇಕಾದುದು.