ತುಕ್ಕಿನ ಗುಣ, ಕಾಯುವವರ ಋಣ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಗಾಳಿ ಜೋರಾಗುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದಿಂದ ಬೀಸುವ ಗಾಳಿಯೇ ಘಟಪ್ರಭಾ ನದಿಯನ್ನೂ ತುಂಬಿಸುತ್ತದೆ. ಹೊಲದಲ್ಲಿ ಕೈಯಾರೆ ಸಣ್ಣ ಗಾಳಿಯಂತ್ರ ಕಟ್ಟಿ ನಿಲ್ಲಿಸುವವರಿಗೆ ಪೇಚು ಇದೇ: ರೆಕ್ಕೆ ತಿರುಗಿಸುವ ಗಾಳಿಯೇ ಒಳಗಿನ ಮ್ಯಾಗ್ನೆಟ್ಟನ್ನು ಕೆಡಿಸುವ ತೇವವನ್ನೂ ಹೊತ್ತು ತರುತ್ತದೆ.

ಇಂಥ ಯಂತ್ರದ ಜನರೇಟರಿನಲ್ಲಿ ಎರಡು ಕಬ್ಬಿಣದ ಡಿಸ್ಕುಗಳಿಗೆ ಮ್ಯಾಗ್ನೆಟ್ ಅಂಟಿಸಿ ನಡುವೆ ತಾಮ್ರದ ಸುರುಳಿ ನಿಲ್ಲಿಸುತ್ತಾರೆ. ಮ್ಯಾಗ್ನೆಟ್ಟಿಗೂ ಸುರುಳಿಗೂ ನಡುವಿನ ಸಂದು ಒಂದೆರಡು ಮಿಲಿಮೀಟರ್ ಅಷ್ಟೆ. ಬಳಸುವುದು ಹೆಚ್ಚಾಗಿ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಮ್ಯಾಗ್ನೆಟ್. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾತೊ ಸಗಾವಾ, ಅಮೆರಿಕದ ಜಾನ್ ಕ್ರೋಟ್ ಬೇರೆಬೇರೆಯಾಗಿ ಕಂಡುಹಿಡಿದದ್ದು. ಬಲ ಅಪಾರ, ತೇವ ತಾಗಿದರೆ ಮಾತ್ರ ಉಳಿಗಾಲವಿಲ್ಲ. ಹರಳು ಹರಳಿನ ನಡುವಿನ ನಿಯೋಡಿಮಿಯಂ ಮೊದಲು ಕೆಟ್ಟು ಉಬ್ಬುತ್ತದೆ. ಹಿಡಿತ ತಪ್ಪಿದ ಹರಳುಗಳು ಪುಡಿಯಾಗಿ ಉದುರುತ್ತವೆ. ಕಾವಲಿಗಿರುವುದು ಮೇಲಿನ ಲೇಪ: ನಿಕ್ಕಲ್, ತಾಮ್ರ, ಮತ್ತೆ ನಿಕ್ಕಲ್. ಮೂರು ಪದರ ಸೇರಿದರೂ ಕೂದಲೆಳೆಗಿಂತ ತೆಳು. ಜೋಡಿಸುವಾಗ ಒಂದಕ್ಕೊಂದು ಪಟ್ಟನೆ ಬಡಿದು ಅಂಚಿನ ಚಕ್ಕೆ ಹಾರಿದರೆ ಸಾಕು. ಮೇಲೆ ಹೊಳಪು ಹಾಗೇ ಇರುತ್ತದೆ, ಒಳಗೆ ಬೂದುಬಣ್ಣದ ಪುಡಿ ಬೆಳೆಯುತ್ತದೆ. ಸುತ್ತ ಹೊಯ್ದ ರೆಸಿನ್ ಕೂಡ ತೇವವನ್ನು ಪೂರ್ತಿ ತಡೆಯದು. ಒಂದು ದಿನ ಉಬ್ಬಿದ ಮ್ಯಾಗ್ನೆಟ್ ಅದನ್ನು ಸೀಳಿ ಸುರುಳಿಗೆ ಉಜ್ಜತೊಡಗುತ್ತದೆ.

ಹಾಗಾದರೆ, ಕೆಡುವುದೇ ಗುಣವಾದ ವಸ್ತುವನ್ನು ಕಾಯುವುದು ಧರ್ಮವೋ, ಬರಿಯ ಮೋಹವೋ?

ಬೆಳಗಾವಿ ಜಿಲ್ಲೆಯಲ್ಲಿ ಜೈನ ರೈತರು ಬಹಳ. ಅವರ ದರ್ಶನದಲ್ಲಿ ಈ ಪ್ರಶ್ನೆ ಹಳೆಯದು. ಹುಟ್ಟು, ಅಳಿವು, ಸ್ಥಿರತೆ ಮೂರೂ ಕೂಡಿದ್ದೇ ಇರವು ಎಂಬುದು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ನಿಲುವು. ಹಾಗೆ ನೋಡಿದರೆ ಲೋಹ ಅಳಿದು ತುಕ್ಕು ಹುಟ್ಟಿತು, ಕಬ್ಬಿಣದ ಒಂದು ಕಣವೂ ಲೋಕ ಬಿಟ್ಟು ಹೋಗಲಿಲ್ಲ. ಮಾತು ಸರಿ. ಆದರೆ ಅಷ್ಟಕ್ಕೇ ನಿಂತರೆ ಸೋಮಾರಿಗೆ ಒಳ್ಳೆಯ ನೆಪ ಸಿಕ್ಕಂತಾಯಿತು. ಕಬ್ಬಿಣ ಉಳಿದರೂ ಅದು ಮಾಡುತ್ತಿದ್ದ ಕೆಲಸ ಹೋಯಿತಲ್ಲ!

ಇದೇ ಸೀಮೆಯ ಲಿಂಗಾಯತರ ಎದೆಯ ಮೇಲಿನ ಇಷ್ಟಲಿಂಗವನ್ನು ನೋಡಬೇಕು. ಒಳಗೆ ಪುಟ್ಟ ಕಲ್ಲು, ಮೇಲೆ ಬೂದಿ, ಎಣ್ಣೆ ಮೊದಲಾದವುಗಳ ಕಪ್ಪು ಲೇಪ, ಸುತ್ತ ವಸ್ತ್ರ, ಹೊರಗೆ ಕರಡಿಗೆ. ಜೀವ ಇರುವ ತನಕ ಪೆಟ್ಟು ತಾಗದಂತೆ ಜತನ ಮಾಡುತ್ತಾರೆ. ತೀರಿಕೊಂಡಾಗ ಅದನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ನಿಂತದ್ದು ಅಳಿಯುತ್ತದೆಂದು ಸಾರಿದ ಶರಣರ ಪರಂಪರೆಯಲ್ಲೇ ಈ ಜತನವೂ ಇದೆ, ಎರಡಕ್ಕೂ ಜಗಳವಿಲ್ಲ. ಪೂಜೆ ನಡೆಯುವಷ್ಟು ದಿನ, ಕಾಯಕ ನಡೆಯುವಷ್ಟು ದಿನ ಕಾಯುವುದು; ಶಾಶ್ವತದ ಆಸೆ ಅದರಲ್ಲಿಲ್ಲ.

ಕಾಯುವ ಬಗೆಯೂ ಒಂದೇ ಅಲ್ಲ. ನಿಕ್ಕಲ್‌ನಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದರೆ ಅಲ್ಲಿ ಒಳಲೋಹ ಇನ್ನೂ ಬೇಗ ಸವೆಯುತ್ತದೆ. ಡಿಸ್ಕಿನ ಮೇಲಿನ ಸತುವಿನ ಲೇಪವಾದರೆ, ಗೀರು ಬಿದ್ದಲ್ಲಿ ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಫೆರೈಟ್ ಮ್ಯಾಗ್ನೆಟ್ಟಿಗೆ ಕಾವಲೇ ಬೇಡ. ಕಬ್ಬಿಣದ ಆಕ್ಸೈಡಿನಿಂದಲೇ ಆದದ್ದಕ್ಕೆ ಮತ್ತೆ ತುಕ್ಕು ಎಲ್ಲಿಂದ ಬಂದೀತು? ಅದರ ಬಲ ಕಡಿಮೆ, ಯಂತ್ರ ಭಾರವಾಗುತ್ತದೆ. ಆದರೂ ಮಳೆಗಾಳಿಯ ಊರಿನಲ್ಲಿ ಆ ಕಡಿಮೆ ಬಲಕ್ಕೆ ಒಪ್ಪಿಕೊಳ್ಳುವುದೇ ವಿವೇಕ.

ನಿಯೋಡಿಮಿಯಂ ಬೇಕೇ ಬೇಕು ಎನ್ನುವವರ ಮೇಲೆ ಋಣ ದೊಡ್ಡದು. ಚೀನಾದ ಒಳಮಂಗೋಲಿಯಾದಲ್ಲಿ, ಬಯಾನ್ ಓಬೊ ಗಣಿಯ ಅದಿರು ಸಂಸ್ಕರಿಸುವ ಬಾವ್‌ತೌ ನಗರದ ಬಳಿ, ವಿಷದ ಕೆಸರು ಕೆರೆಯಾಗಿ ನಿಂತಿದೆ. ಅಷ್ಟು ನೆಲ ಕೆಡಿಸಿ ಬಂದ ವಸ್ತುವನ್ನು ಕೆಲವೇ ಮಳೆಗಾಲಗಳಲ್ಲಿ ಪುಡಿಯಾಗಲು ಬಿಡುವುದು ತಪ್ಪು.

ಆ ಋಣ ತೀರಿಸುವುದು ಯಾರ ಪಾಲು? ಗೋಕಾಕ ಫಾಲ್ಸಿನ ನೀರನ್ನು 1887ರಲ್ಲೇ ಗಿರಣಿಯ ದುಡಿಮೆಗೆ ಹಚ್ಚಿದ ನಾಡಿದು. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿಗಳಿಗೆ ಕರೆಂಟು ಹಂಚಿತು. ಅಲ್ಲಿ ತಂತಿ ಹರಿದರೆ ಲೈನ್‌ಮನ್ ಬರುತ್ತಾನೆ. ಮನೆಯಲ್ಲಿ ಕಟ್ಟಿದ ಯಂತ್ರಕ್ಕೆ ಲೈನ್‌ಮನ್ ಇಲ್ಲ. ಮುಂಗಾರಿಗೆ ಮೊದಲು ಕಂಬ ಇಳಿಸಿ, ಒಂದೊಂದು ಮ್ಯಾಗ್ನೆಟ್ಟಿನ ಅಂಚನ್ನೂ ಬೆರಳಲ್ಲಿ ಸವರಿ ನೋಡಿ, ಬಿರುಕಿಗೆ ಎಪಾಕ್ಸಿ ತುಂಬುವುದು ಕಟ್ಟಿದವರ ಪಾಲಿನ ಕೆಲಸ.

ಯಂತ್ರ ಮುದಿಯಾದ ಮೇಲೂ ಆ ಪಾಲು ಮುಗಿಯುವುದಿಲ್ಲ. ಡಿಸ್ಕನ್ನು ಹಾಗೇ ಗುಜರಿಗೆ ಹಾಕಿದರೆ ಕಬ್ಬಿಣದ ತೂಕಕ್ಕೆ ಹೋಗುತ್ತದೆ, ಕುಲುಮೆಯಲ್ಲಿ ನಿಯೋಡಿಮಿಯಂ ಕಿಟ್ಟದ ಪಾಲಾಗುತ್ತದೆ. ಗಟ್ಟಿಯಿರುವ ಮ್ಯಾಗ್ನೆಟ್ಟುಗಳನ್ನು ಬಿಡಿಸಿಟ್ಟರೆ ಇನ್ನೊಂದು ಯಂತ್ರಕ್ಕೆ ಬರುತ್ತವೆ. ಕೆಟ್ಟವನ್ನು ಮಾತ್ರ ಗ್ರೈಂಡರಿಗೆ ಹಿಡಿಯಬಾರದು. ಉಜ್ಜಿದಾಗ ಏಳುವ ನುಣ್ಣನೆಯ ಪುಡಿ ಬೆಂಕಿ ಹಿಡಿಯುತ್ತದೆ.